ನಡೆಯದ ಎರಡು ಕ್ಷಣಗಳು

ಗಣಿತದಲ್ಲಿ ಸಂಕಲನವೆಂದರೆ ಕೂಡುವುದು, ವ್ಯವಕಲನವೆಂದರೆ ಕಳೆಯುವುದು. ಚಲಚ್ಚಿತ್ರ ಕಲೆಯಲ್ಲಿ ಸಂಕಲನವೆಂಬ ಹೆಸರು ಪಡೆದ ಕೆಲಸವಾದರೋ ಬಹುಕಾಲ ಕಳೆಯುವ ಕೆಲಸವೇ ಆಗಿತ್ತು. ಛಾಯಾಗ್ರಾಹಕನು ಹತ್ತು ನಿಮಿಷ ಚಿತ್ರಿಸಿ ತಂದುದರಲ್ಲಿ ಸಂಕಲನಕಾರನು ಒಂದು ನಿಮಿಷವನ್ನು ಉಳಿಸಿಕೊಂಡು ಮಿಕ್ಕುದನ್ನು ಕತ್ತರಿಸಿ ಬಿಡುತ್ತಿದ್ದನು. ಅವನ ಮೇಜಿನ ಮೇಲೆ ಕತ್ತರಿಯಿತ್ತು, ತುಣುಕುಗಳನ್ನು ಜೋಡಿಸುವ ಅಂಟಿತ್ತು. ಆದರೆ ಒಂದು ಅಂಗುಲದಷ್ಟು ಚಿತ್ರವನ್ನಾದರೂ ಹೊಸದಾಗಿ ಹುಟ್ಟಿಸುವ ಸಾಧನವಿರಲಿಲ್ಲ. ಇದ್ದುದರಲ್ಲಿ ಆಯ್ದುಕೊಳ್ಳುವುದಷ್ಟೇ ಅವನ ಅಧಿಕಾರವಾಗಿತ್ತು. ಆ ಅಧಿಕಾರದ ಎಲ್ಲೆಯು ಈಚಿನ ವರ್ಷಗಳಲ್ಲಿ ಸದ್ದಿಲ್ಲದೆ ಬದಲಾಗಿದೆ. ಸಂಕಲನವು ಈಗ ಹೆಸರಿಗೆ ತಕ್ಕಂತೆ ನಿಜವಾಗಿಯೂ ಕೂಡುವ ಕೆಲಸವಾಗುತ್ತಿದೆ.

ಸಂಕಲನಕಾರನನ್ನು ಪೀಡಿಸುವ ಕೊರತೆಯು ಸಾಮಾನ್ಯವಾಗಿ ಬಹು ಸಣ್ಣದು. ಹಿನ್ನೆಲೆಯ ವಿವರಣೆ ಆರು ಸೆಕೆಂಡುಗಳಷ್ಟಿರುತ್ತದೆ. ಅದಕ್ಕೆ ಹೊಂದಿಸಬೇಕಾದ ದೃಶ್ಯವು ಐದೇ ಸೆಕೆಂಡುಗಳಿಗೆ ಮುಗಿದುಹೋಗುತ್ತದೆ. ನಟಿಯು ಬಾಗಿಲ ಕಡೆಗೆ ತಿರುಗಿದ ಕೂಡಲೆ ಯಾರೋ ಆತುರದಿಂದ ಕ್ಯಾಮರಾವನ್ನು ನಿಲ್ಲಿಸಿಬಿಟ್ಟಿರುತ್ತಾರೆ. ಅವಳ ನೋಟ ಇನ್ನು ಅರೆಕ್ಷಣ ನಿಂತಿದ್ದರೆ ಮುಂದಿನ ದೃಶ್ಯಕ್ಕೆ ಸಹಜವಾಗಿ ಹೆಜ್ಜೆಯಿಡಬಹುದಾಗಿತ್ತು. ಒಂದು ದೃಶ್ಯ ಕರಗುತ್ತಿರುವಂತೆಯೇ ಮತ್ತೊಂದು ಮೂಡಿಬರಬೇಕಾದರೆ ಎರಡು ತುಣುಕುಗಳಿಗೂ ಅಂಚಿನಲ್ಲಿ ಒಂದಿಷ್ಟು ಹೆಚ್ಚಿನ ಉದ್ದವಿರಬೇಕು. ಹೊಲಿಗೆಯ ಮಡಿಕೆಗೆಂದು ದರ್ಜಿಯು ಬಟ್ಟೆಯನ್ನು ತುಸು ಹೆಚ್ಚಾಗಿಯೇ ಕತ್ತರಿಸುವಂತೆ ಇದು. ಆ ಹೆಚ್ಚಿನ ಅಂಚು ಇಲ್ಲದ ತುಣುಕು ಎಷ್ಟೇ ಸುಂದರವಾಗಿದ್ದರೂ ಹೊಲಿಗೆಗೆ ಒದಗುವುದಿಲ್ಲ.

ಹಿಂದಿನವರು ಈ ಕೊರತೆಗೆ ಹಲವು ಉಪಾಯಗಳನ್ನು ಕಂಡುಕೊಂಡಿದ್ದರು. ತುಣುಕನ್ನು ನಿಧಾನವಾಗಿ ಓಡಿಸುವುದು ಒಂದು; ಕೊನೆಯ ಚಿತ್ರವನ್ನು ಹಾಗೆಯೇ ನಿಲ್ಲಿಸಿಬಿಡುವುದು ಮತ್ತೊಂದು; ಹಿಂದುಮುಂದಾಗಿ ಓಡಿಸಿ ಉದ್ದ ಮಾಡುವುದು ಇನ್ನೊಂದು. ಯಾವುದೂ ಒಗ್ಗದಿದ್ದಾಗ ನಡುವೆ ಬೇರೆ ವಸ್ತುವನ್ನು ತೋರಿಸಿ ತಪ್ಪಿಸಿಕೊಳ್ಳುವುದೂ ಉಂಟು. ಸಭೆಯ ವರದಿಯಲ್ಲಿ ಭಾಷಣಕಾರರ ಮಾತಿನ ನಡುವೆ ಇದ್ದಕ್ಕಿದ್ದಂತೆ ಗೋಡೆಯ ಗಡಿಯಾರವೋ ಮುಂದಿನ ಸಾಲಿನ ಸಭಿಕರೊಬ್ಬರ ಕನ್ನಡಕವೋ ಕಾಣಿಸಿಕೊಂಡರೆ ಅಲ್ಲೊಂದು ಹರಕಿಗೆ ತೇಪೆ ಬಿದ್ದಿದೆಯೆಂದು ಊಹಿಸಬಹುದು. ಈ ತೇಪೆಗಳಿಗೆಲ್ಲ ಒಂದು ಗುಣವಿತ್ತು. ಅವು ತೇಪೆಗಳಾಗಿಯೇ ಕಾಣುತ್ತಿದ್ದವು. ನಿಲ್ಲಿಸಿದ ಚಿತ್ರವು ನಿಂತಂತೆಯೇ ಕಾಣುತ್ತದೆ. ಹಿಂದುಮುಂದಾಗಿ ಓಡಿಸಿದರೆ ಹೊಗೆಯು ಚಿಮಣಿಯೊಳಕ್ಕೆ ಇಳಿಯುತ್ತದೆ. ಎಷ್ಟು ಜಾಣತನದಿಂದ ಮಾಡಿದರೂ ಅದರಲ್ಲಿ ಬಳಸಿದ ಪ್ರತಿಯೊಂದು ಚಿತ್ರವೂ ಕ್ಯಾಮರಾದ ಮುಂದೆ ನಿಜವಾಗಿ ಇದ್ದುದರದೇ ಆಗಿತ್ತು.

ಈಗ ಬಂದಿರುವ ಉಪಾಯ ಬೇರೆ ಜಾತಿಯದು. ಅಡೋಬಿ ಎಂಬ ಅಮೆರಿಕದ ಸಂಸ್ಥೆಯು ಪ್ರೀಮಿಯರ್ ಪ್ರೋ ಎಂಬ ತನ್ನ ಸಂಕಲನ ತಂತ್ರಾಂಶದಲ್ಲಿ, 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿಯೂ 2025ರ ಏಪ್ರಿಲಿನಲ್ಲಿ ಎಲ್ಲ ಬಳಕೆದಾರರಿಗೂ, ಕೃತಕ ಬುದ್ಧಿಮತ್ತೆಯಿಂದ ತುಣುಕನ್ನು ಉದ್ದ ಮಾಡುವ ಸೌಲಭ್ಯವನ್ನು ಒದಗಿಸಿತು. ತುಣುಕಿನ ತುದಿಯನ್ನು ಹಿಡಿದು ಎಳೆದರೆ ಸಾಕು. ಮುಗಿದುಹೋದ ದೃಶ್ಯವು ಮುಗಿಯದಂತೆ ಮುಂದುವರಿಯುತ್ತದೆ. ಹೊರಬಂದಾಗ ಅದರ ಮಿತಿಯು ಚಿತ್ರಕ್ಕೆ 2 ಸೆಕೆಂಡು, ಸುತ್ತಲಿನ ಸದ್ದಿಗೆ 10 ಸೆಕೆಂಡು ಎಂದು ಗೊತ್ತುಮಾಡಲಾಗಿತ್ತು. ಆಡಿದ ಮಾತನ್ನಾಗಲಿ ಸಂಗೀತವನ್ನಾಗಲಿ ಅದು ಬೆಳೆಸುತ್ತಿರಲಿಲ್ಲ. ಎರಡು ಸೆಕೆಂಡೆಂದರೆ ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು ಎನಿಸಬಹುದು. ಆದರೆ ಚಲಚ್ಚಿತ್ರವು ಸೆಕೆಂಡಿಗೆ 24 ಬಿಡಿ ಚಿತ್ರಗಳ, ಎಂದರೆ ಫ್ರೇಮುಗಳ, ಸಾಲು. ಎರಡು ಸೆಕೆಂಡುಗಳಲ್ಲಿ 48 ಫ್ರೇಮುಗಳು ಯಾವ ಮಸೂರದ ಮುಂದೆಯೂ ಹಾಯದೆ ಹುಟ್ಟಿಬರುತ್ತವೆ.

ಯಂತ್ರವು ಇದನ್ನು ಮಾಡುವ ಬಗೆಯನ್ನು ತಿಳಿಯದೆ ಅದರ ಯೋಗ್ಯತೆಯನ್ನು ಅಳೆಯುವುದು ಸಾಧ್ಯವಿಲ್ಲ. ಕ್ಯಾಮರಾ ನಿಂತ ಮೇಲೆ ಏನು ನಡೆಯಿತೆಂಬುದು ಯಂತ್ರಕ್ಕೆ ತಿಳಿಯದು. ತಿಳಿಯುವ ದಾರಿಯೂ ಇಲ್ಲ. ಅದು ಮೊದಲೇ ಅಪಾರ ಸಂಖ್ಯೆಯ ಚಲಿಸುವ ಚಿತ್ರಗಳನ್ನು ಅರಗಿಸಿಕೊಂಡಿರುತ್ತದೆ. ಅಲೆ ಏಳುವ ರೀತಿ, ಸೆರಗು ಹಾರುವ ರೀತಿ, ಮನುಷ್ಯನು ತಲೆ ತಿರುಗಿಸುವ ರೀತಿ ಸಾಮಾನ್ಯವಾಗಿ ಹೇಗಿರುತ್ತದೆಂಬ ಲೆಕ್ಕ ಅದರಲ್ಲಿ ಅಡಗಿರುತ್ತದೆ. ಕೊಟ್ಟ ತುಣುಕಿನ ಚಿತ್ರಗಳನ್ನು ನೋಡಿ, ಇಂಥ ಚಿತ್ರಗಳ ಮುಂದೆ ಬಹುಮಟ್ಟಿಗೆ ಏನು ಬರುತ್ತದೆಯೋ ಅದನ್ನು ಅದು ಬರೆಯುತ್ತದೆ. ಕಳೆದುಹೋದುದನ್ನು ಹುಡುಕಿ ತರುವ ಕೆಲಸವಲ್ಲ ಇದು. ಬರಬಹುದಾಗಿದ್ದುದರಲ್ಲಿ ಅತ್ಯಂತ ಸಂಭವನೀಯವಾದುದನ್ನು ಕಲ್ಪಿಸುವ ಕೆಲಸ.

ಕಥಾಚಿತ್ರದಲ್ಲಿ ಇದಕ್ಕೆ ಆಕ್ಷೇಪವೆತ್ತುವುದು ಅಷ್ಟು ಉಚಿತವೆನಿಸುವುದಿಲ್ಲ. ಕಥೆಯೇ ಕಲ್ಪಿತವಾಗಿರುವಲ್ಲಿ ಅದರ ಎರಡು ಸೆಕೆಂಡು ಕಲ್ಪಿತವಾಯಿತೆಂದು ಹುಯಿಲಿಡುವುದು, ನಾಟಕದ ರಾಜನ ಕಿರೀಟ ಬಂಗಾರದ್ದಲ್ಲವೆಂದು ದೂರುವಂತಾಗುತ್ತದೆ. ಬಣ್ಣದ ಪರದೆ, ಸುಳ್ಳು ಮಳೆ, ಗೊಂಬೆಯ ಹಡಗು ಇವೆಲ್ಲವನ್ನೂ ಒಪ್ಪಿಕೊಂಡು ಬಂದಿರುವ ಪ್ರೇಕ್ಷಕನು ಈ ಎರಡು ಸೆಕೆಂಡಿಗೆ ಮುನಿಯಬೇಕಾಗಿಲ್ಲ. ಹಣವಿಲ್ಲದ ಚಿಕ್ಕ ತಂಡಕ್ಕೆ, ಒಂದು ನೋಟ ಸಾಲದೆಂದು ಇಡೀ ತಂಡವನ್ನು ಮತ್ತೆ ಬೆಟ್ಟದ ಮೇಲಕ್ಕೆ ಕರೆದೊಯ್ಯಲಾಗದವರಿಗೆ, ಇದು ದೊಡ್ಡ ಉಪಕಾರವೇ ಸರಿ.

ಆದರೆ ಕ್ಯಾಮರಾ ಹುಟ್ಟಿದುದು ಕಥೆ ಹೇಳುವುದಕ್ಕೆ ಮಾತ್ರವಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋ ಎಂಬಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು 12 ಕ್ಯಾಮರಾಗಳನ್ನು ಸಾಲಾಗಿ ನಿಲ್ಲಿಸಿ, ಓಡುವ ಕುದುರೆಯ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೆಗೆದನು. ನಾಗಾಲೋಟದಲ್ಲಿ ಕುದುರೆಯ ನಾಲ್ಕು ಗೊರಸುಗಳೂ ಒಮ್ಮೆಗೇ ನೆಲವನ್ನು ಬಿಡುತ್ತವೆಯೇ ಎಂಬುದು ಅಂದಿನ ಚರ್ಚೆಯಾಗಿತ್ತು. ಬಿಡುತ್ತವೆಯೆಂದು ಚಿತ್ರಗಳು ತೋರಿಸಿದವು. ಅದಕ್ಕಿಂತಲೂ ಅಚ್ಚರಿಯ ಸಂಗತಿಯೊಂದು ಅವುಗಳಲ್ಲಿತ್ತು. ಅದುವರೆಗೆ ಯೂರೋಪಿನ ವರ್ಣಚಿತ್ರಗಾರರು ಓಡುವ ಕುದುರೆಯನ್ನು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವಂತೆ ಬರೆಯುತ್ತಿದ್ದರು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ, ಝೆರಿಕೋ 1821ರಲ್ಲಿ ಬರೆದ ಎಪ್ಸಮ್ ಪಂದ್ಯದ ಚಿತ್ರದಲ್ಲಿ ಕುದುರೆಗಳು ಹೀಗೆಯೇ ಹಾರುತ್ತಿವೆ. ಮೈಬ್ರಿಜ್‌ನ ಚಿತ್ರಗಳಲ್ಲಾದರೋ ಗೊರಸುಗಳು ನೆಲ ಬಿಟ್ಟ ಆ ಕ್ಷಣದಲ್ಲಿ ಕಾಲುಗಳು ಹೊಟ್ಟೆಯ ಕೆಳಗೆ ಮಡಿಸಿಕೊಂಡು ಒಟ್ಟಾಗಿದ್ದವು. ನುರಿತ ಕಲಾವಿದರ ಕಣ್ಣಿಗೆ ಬೀಳದಿದ್ದ ಒಂದು ಸತ್ಯವನ್ನು ಜಡಯಂತ್ರವು ಕಂಡಿತ್ತು.

ಈಗ ಹೀಗೊಂದು ಕಲ್ಪನೆ ಮಾಡಿಕೊಳ್ಳಬಹುದು. ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರವು 1878ಕ್ಕೆ ಮುಂಚೆಯೇ ಇದ್ದು, ಅಂದು ದೊರೆಯುತ್ತಿದ್ದ ಚಿತ್ರಗಳನ್ನೆಲ್ಲ ಅರಗಿಸಿಕೊಂಡಿತ್ತೆನ್ನೋಣ. ಓಟದ ಮೊದಲ ಹೆಜ್ಜೆಯನ್ನು ತೋರಿಸಿ ಮುಂದಿನದನ್ನು ಪೂರ್ಣ ಮಾಡೆಂದು ಅದನ್ನು ಕೇಳಿದ್ದರೆ, ಅದು ಕಾಲು ಚಾಚಿ ತೇಲುವ ಕುದುರೆಯನ್ನೇ ಕೊಡುತ್ತಿತ್ತು. ನೋಡಿದವರೆಲ್ಲ ತಲೆದೂಗುತ್ತಿದ್ದರು, ಏಕೆಂದರೆ ಅವರೆಲ್ಲರೂ ನಂಬಿದ್ದುದು ಅದನ್ನೇ. ಯಂತ್ರದ ಊಹೆ ಕೆಟ್ಟದೆಂದು ಇಲ್ಲಿನ ದೂರಲ್ಲ. ಅದು ಒಳ್ಳೆಯ ಊಹೆಯಾಗಿರುವುದೇ ತೊಡಕು. ಲೋಕದಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಅದು ಕೊಡುತ್ತದೆ. ಕ್ಯಾಮರಾದ ಬೆಲೆಯಿರುವುದಾದರೋ ಸಾಮಾನ್ಯವಾಗಿ ನಡೆಯದ ಒಂದು ಸಂಗತಿ ಅಂದು ಅಲ್ಲಿ ನಡೆದಿದ್ದರೆ ಅದನ್ನು ಹಿಡಿದಿಡುವುದರಲ್ಲಿ.

ಇರುವ ಚಿತ್ರಗಳ ನಡುವೆ ಹೊಸದನ್ನು ತುಂಬುವುದು ಬೇರೆ, ಇರುವುದರ ಆಚೆಗೆ ಬೆಳೆಸುವುದು ಬೇರೆ ಎಂಬುದನ್ನೂ ಇಲ್ಲಿ ಗಮನಿಸಬೇಕು. ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜ್ಯಾಕ್ಸನ್ 2018ರಲ್ಲಿ ಹೊರತಂದ ‘ದೆ ಶಲ್ ನಾಟ್ ಗ್ರೋ ಓಲ್ಡ್’ ಎಂಬ ಸಾಕ್ಷ್ಯಚಿತ್ರದಲ್ಲಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದ್ದ ಮೊದಲ ಮಹಾಯುದ್ಧದ ಚಿತ್ರಗಳನ್ನು ಬಳಸಲಾಯಿತು. ಕೈಯಿಂದ ತಿರುಗಿಸುವ ಕ್ಯಾಮರಾಗಳಲ್ಲಿ ಸೆಕೆಂಡಿಗೆ 10ರಿಂದ 18 ಫ್ರೇಮುಗಳಂತೆ ತೆಗೆದಿದ್ದ ಆ ಚಿತ್ರಗಳಲ್ಲಿ ಸೈನಿಕರು ತೊಗಲುಗೊಂಬೆಗಳಂತೆ ಕುಪ್ಪಳಿಸುತ್ತಿದ್ದರು. ಗಣಕಯಂತ್ರದಿಂದ ನಡುವಣ ಫ್ರೇಮುಗಳನ್ನು ಮಾಡಿಸಿ ತುಂಬಿದ ಮೇಲೆ ಅವರು ಮನುಷ್ಯರಂತೆ ನಡೆದರು. ಇಲ್ಲಿ ಹುಟ್ಟಿಸಿದ ಪ್ರತಿಯೊಂದು ಫ್ರೇಮಿಗೂ ಆಚೀಚೆ ಎರಡು ನಿಜವಾದ ಚಿತ್ರಗಳು ಕಾವಲಿದ್ದವು. ಕಾಲು ಇಲ್ಲಿಂದ ಎದ್ದು ಅಲ್ಲಿ ಊರಿತೆಂಬುದು ಗೊತ್ತಿದ್ದಾಗ ನಡುವೆ ಅದು ಎಲ್ಲಿತ್ತೆಂಬ ಊಹೆ ಬಹು ದೂರ ತಪ್ಪಲಾರದು. ಅದು ಎರಡು ದಡಗಳ ನಡುವೆ ಹಾಕಿದ ಕಾಲುಸಂಕ. ತುಣುಕು ಮುಗಿದ ಮೇಲೆ ಬೆಳೆಸುವ ಎರಡು ಸೆಕೆಂಡಿಗೆ ಒಂದೇ ದಡ. ಆ ದಡದಿಂದ ದೂರವಾದಷ್ಟೂ ಹಲಗೆಯು ನೀರಿನ ಮೇಲೆ ತೂಗತೊಡಗುತ್ತದೆ.

ಎರಡು ಸೆಕೆಂಡಿನಲ್ಲಿ ಏನು ಮಹಾ ಎಂದು ಕೇಳುವವರು 1963ರ ನವೆಂಬರ್ 22ರಂದು ಅಮೆರಿಕದ ಡಲ್ಲಾಸ್ ನಗರದಲ್ಲಿ ತೆಗೆದ ಚಿತ್ರವೊಂದರ ಕಥೆಯನ್ನು ತಿಳಿಯಬೇಕು. ಅಧ್ಯಕ್ಷ ಕೆನಡಿಯವರ ಮೆರವಣಿಗೆಯನ್ನು ಏಬ್ರಹಾಮ್ ಝಪ್ರೂಡರ್ ಎಂಬ ಸಿದ್ಧ ಉಡುಪುಗಳ ವ್ಯಾಪಾರಿ ತನ್ನ 8 ಮಿಲಿಮೀಟರಿನ ಮನೆಬಳಕೆಯ ಕ್ಯಾಮರಾದಲ್ಲಿ ಚಿತ್ರಿಸುತ್ತಿದ್ದಾಗಲೇ ಅಧ್ಯಕ್ಷರಿಗೆ ಗುಂಡು ತಗಲಿತು. ಹತ್ಯೆಯ ಚಿತ್ರ 26 ಸೆಕೆಂಡುಗಳಿಗೆ ತುಸು ಹೆಚ್ಚು, 486 ಫ್ರೇಮುಗಳು. ತನಿಖೆ ನಡೆಸಿದ ವಾರನ್ ಆಯೋಗಕ್ಕೆ ಅದು ಬರಿಯ ಚಿತ್ರವಾಗಿರಲಿಲ್ಲ, ಗಡಿಯಾರವೂ ಆಗಿತ್ತು. ಆ ಕ್ಯಾಮರಾ ಸೆಕೆಂಡಿಗೆ ಸರಾಸರಿ 18.3 ಫ್ರೇಮುಗಳಂತೆ ಓಡಿತೆಂದು ಪರೀಕ್ಷೆಯಿಂದ ತಿಳಿದ ಮೇಲೆ, ಒಂದೊಂದು ಫ್ರೇಮಿಗೂ ಸಂಖ್ಯೆ ಕೊಟ್ಟು ಗುಂಡುಗಳ ನಡುವಣ ಕಾಲವನ್ನು ಎಣಿಸಲಾಯಿತು. ಪತ್ತೆಯಾದ ಬಂದೂಕಿನಿಂದ ಒಂದರ ಹಿಂದೊಂದು ಗುಂಡು ಹಾರಿಸಲು ಕಡಮೆಯೆಂದರೂ 2.3 ಸೆಕೆಂಡು ಬೇಕು. ಎಂದರೆ ಸುಮಾರು 42 ಫ್ರೇಮುಗಳು. ಅಷ್ಟು ಅಂತರವಿಲ್ಲದಿದ್ದರೆ ಹಂತಕನು ಒಬ್ಬನಲ್ಲ, ಇಬ್ಬರು ಎನ್ನಬೇಕಾಗುತ್ತಿತ್ತು. ಒಂದು ದೇಶವು ಹತ್ತಾರು ವರ್ಷ ವಾದಿಸಿದ ಪ್ರಶ್ನೆಯೊಂದು ಎರಡು ಸೆಕೆಂಡುಗಳ ಲೆಕ್ಕಕ್ಕೆ ಜೋತುಬಿದ್ದಿತ್ತು. ಅಂಥ ಚಿತ್ರದ ನಡುವಿನ ಒಂದು ತುಣುಕನ್ನು, ನೋಟಕ್ಕೆ ಹಿತವಾಗಲೆಂದು ಯಾರಾದರೂ ಎಳೆದು ಬೆಳೆಸಿದ್ದರೆ ಗಡಿಯಾರವೇ ಕೆಟ್ಟುಹೋಗುತ್ತಿತ್ತು.

ಕೊಲೆಯ ಪ್ರಕರಣಗಳು ದಿನನಿತ್ಯದವಲ್ಲವೆನ್ನಬಹುದು. ದಿನನಿತ್ಯದ ಉದಾಹರಣೆ ಸಂದರ್ಶನ. ತಂತ್ರಾಂಶವು ಮಾತನ್ನು ಹುಟ್ಟಿಸುವುದಿಲ್ಲ, ಆದ್ದರಿಂದ ಯಾರ ಬಾಯಲ್ಲಿಯೂ ಆಡದ ಮಾತನ್ನು ತುಂಬಿದಂತಾಗುವುದಿಲ್ಲ ಎಂಬ ಸಮಾಧಾನ ಕೇಳಿಬರುತ್ತದೆ. ಇದು ಅರ್ಧ ಸಮಾಧಾನ ಮಾತ್ರ. ಅಧಿಕಾರಿಯೊಬ್ಬರನ್ನು, “ಈ ಸೇತುವೆಯ ಹಣ ಎಲ್ಲಿ ಹೋಯಿತು?” ಎಂದು ವರದಿಗಾರನು ಕೇಳುತ್ತಾನೆ. ಅವರು ಒಂದು ಕ್ಷಣ ತಡೆದು ಉತ್ತರ ಹೇಳುತ್ತಾರೆ. ಸಂಕಲನಕಾರನಿಗೆ ದೃಶ್ಯ ತುಸು ಗಿಡ್ಡವೆನಿಸಿ, ಆ ತಡೆದ ಮುಖವನ್ನು ಇನ್ನೆರಡು ಸೆಕೆಂಡು ಬೆಳೆಸುತ್ತಾನೆನ್ನೋಣ. ಒಂದು ಪದವೂ ಸೇರಲಿಲ್ಲ, ಒಂದು ಪದವೂ ಹೋಗಲಿಲ್ಲ. ಆದರೆ ಒಂದು ಕ್ಷಣದ ಆಲೋಚನೆಯು ಮೂರು ಕ್ಷಣದ ತಡವರಿಕೆಯಾಯಿತು. ನೋಡಿದವರು, “ಉತ್ತರ ಸಿಕ್ಕದೆ ಒದ್ದಾಡಿದರು” ಎಂದು ಆಡಿಕೊಳ್ಳುತ್ತಾರೆ. ಮೌನಕ್ಕೂ ಅರ್ಥವುಂಟೆಂಬುದನ್ನು ತಂತ್ರಾಂಶ ರಚಿಸಿದವರು ಲೆಕ್ಕಕ್ಕೆ ಹಿಡಿದಂತೆ ಕಾಣುವುದಿಲ್ಲ. ಪಂಚಾಯಿತಿಯ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ.

ಇಲ್ಲದುದನ್ನು ಸೇರಿಸುವ ಸಮಸ್ಯೆ ಲೋಕಕ್ಕೆ ಹೊಸದೇನಲ್ಲ. ಓಲೆಗರಿಯ ಕಾಲದಲ್ಲಿಯೂ ಅದಿತ್ತು. ಪ್ರತಿಕಾರನು ಕಾವ್ಯವನ್ನು ನಕಲು ಮಾಡುವಾಗ ತನಗೆ ಹಿಡಿಸಿದ ಒಂದು ಪದ್ಯವನ್ನು ತಾನೇ ರಚಿಸಿ ಸೇರಿಸಿಬಿಡುತ್ತಿದ್ದುದುಂಟು. ಗರಿ ಮುರಿದಿದ್ದ ಕಡೆ ಅರ್ಥಕ್ಕೆ ಹೊಂದುವಂತೆ ತುಂಬಿಬಿಡುತ್ತಿದ್ದುದೂ ಉಂಟು. ವಿದ್ವಾಂಸರು ಇಂಥವನ್ನು ಪ್ರಕ್ಷಿಪ್ತವೆಂದು ಕರೆದರು. ಕೆಲವು ಪ್ರಕ್ಷಿಪ್ತಗಳು ಮೂಲಕ್ಕಿಂತ ಸೊಗಸಾಗಿರುತ್ತವೆಂಬುದನ್ನೂ ಒಪ್ಪಬೇಕು. ಪ್ರತಿಗಳನ್ನು ಹೋಲಿಸಿ ಕವಿಯ ಪಾಠವನ್ನು ನಿರ್ಣಯಿಸುವ ಗ್ರಂಥಸಂಪಾದನೆಯು ಶಾಸ್ತ್ರವಾಗಿ ಬೆಳೆದುದು ಈ ಕಾರಣದಿಂದಲೇ. ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕವನ್ನೇ ಬರೆದರು.

ಈ ಸಂಪಾದಕರು ಊಹೆಯನ್ನು ತೊರೆದವರಲ್ಲ. ಊಹಿಸದೆ ಅವರ ಕೆಲಸ ಸಾಗುತ್ತಲೇ ಇರಲಿಲ್ಲ. ಆದರೆ ಊಹೆಯನ್ನು ಊಹೆಯೆಂದೇ ತೋರಿಸುವ ಕಟ್ಟುಪಾಡನ್ನು ಅವರು ಪಾಲಿಸಿದರು. ಶಾಸನದ ಕಲ್ಲಿನಲ್ಲಿ ಅಕ್ಷರ ಸವೆದಿದ್ದರೆ ಅಚ್ಚಿನಲ್ಲಿ ಆ ಸ್ಥಾನಕ್ಕೆ ಚುಕ್ಕೆಗಳನ್ನಿಡುತ್ತಾರೆ. ಇಂಥ ಅಕ್ಷರವೇ ಇದ್ದಿರಬೇಕೆಂದು ತೋರಿದರೆ ಅದನ್ನು ಕಂಸದೊಳಗಿಡುತ್ತಾರೆ. ಪುಣೆಯ ಭಂಡಾರ್ಕರ್ ಸಂಸ್ಥೆಯವರು 1919ರಲ್ಲಿ ಕೈಗೊಂಡು 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕೃತ ಆವೃತ್ತಿಯಲ್ಲಿ, ಸಂಶಯವಿರುವ ಪಾಠದ ಕೆಳಗೆ ಅಲೆಯಂಥ ಗೆರೆಯೊಂದು ಓಡುತ್ತದೆ. ವ್ಯಾಸರು ಹೇಳುತ್ತಿರಲು ಗಣಪತಿಯು ಬರೆದುಕೊಂಡನೆಂಬ, ಮಕ್ಕಳಿಗೂ ಗೊತ್ತಿರುವ ಕಥೆಯನ್ನು ಆ ಸಂಪಾದಕರು ಮೂಲಪಾಠದಿಂದ ತೆಗೆದು ಅನುಬಂಧದಲ್ಲಿಟ್ಟರು. ಕಥೆ ನಾಶವಾಗಲಿಲ್ಲ, ಬೇಕಾದವರು ಅಲ್ಲಿ ಓದಬಹುದು. ಅದಕ್ಕೆ ತಕ್ಕ ಸ್ಥಾನವೊಂದು ದೊರಕಿತು, ಅಷ್ಟೆ. ಝಪ್ರೂಡರ್ ಚಿತ್ರಕ್ಕೂ ಇಂಥದೇ ಒಂದು ಗಾಯವಾಗಿದೆ. ಅದನ್ನು ಕೊಂಡಿದ್ದ ಪತ್ರಿಕೆಯೊಂದರ ಕೈಯಲ್ಲಿ ಮೂಲ ಸುರುಳಿಯ ನಾಲ್ಕು ಫ್ರೇಮುಗಳು ಹಾಳಾದವು. ಸುರುಳಿಯನ್ನು ಅಲ್ಲಿ ಅಂಟಿಸಿರುವ ಗುರುತು ಇಂದಿಗೂ ಕಾಣುತ್ತದೆ. ಆ ನಾಲ್ಕನ್ನು ನೋಡಬೇಕೆನ್ನುವವರು ಮೊದಲೇ ತೆಗೆದಿದ್ದ ಪ್ರತಿಗಳಲ್ಲಿ ನೋಡುತ್ತಾರೆ.

ತುಣುಕನ್ನು ಬೆಳೆಸುವವರಿಗೂ ಇಂಥ ಕಂಸವೊಂದು ಬೇಕು. ಅದನ್ನು ಮಾಡಲು ಯಾರೂ ಯತ್ನಿಸಿಲ್ಲವೆಂದಲ್ಲ. ಅಡೋಬಿಯವರು ತಮ್ಮ ಉಪಕರಣದಿಂದ ಬೆಳೆಸಿದ ಚಿತ್ರಕ್ಕೆ, ಇದರಲ್ಲಿ ಕೃತಕ ಬುದ್ಧಿಮತ್ತೆಯ ಕೈಯಿದೆಯೆಂಬ ಒಕ್ಕಣೆಯೊಂದನ್ನು ಅಂಟಿಸುವ ಏರ್ಪಾಡು ಮಾಡಿದ್ದಾರೆ. ಆದರೆ ಅದು ಕಡತದ ಒಳಗೆ ಅಡಗಿರುವ ಒಕ್ಕಣೆ. ಹುಡುಕಿದವರಿಗೆ ಮಾತ್ರ ಕಾಣುವಂಥದು. ಒಂದು ಫೋನಿನಿಂದ ಇನ್ನೊಂದಕ್ಕೆ, ಒಂದು ತಾಣದಿಂದ ಮತ್ತೊಂದಕ್ಕೆ ಹಾಯುವಾಗ ಅದು ಕಳಚಿಹೋಗುವುದೂ ಉಂಟು. ಓದುಗನಿಗೆ ಕಾಣದ ಕಂಸ ಕಂಸವಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಸ್ವಲ್ಪ ಮುಂಚೆಯೇ ಎಚ್ಚೆತ್ತಿವೆ. 2024ರ ಮಾರ್ಚಿನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ, ಕೊಲೆಯ ಪ್ರಕರಣವೊಂದರಲ್ಲಿ ಫೋನಿನಿಂದ ತೆಗೆದ ಚಿತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಸ್ಫುಟಗೊಳಿಸಿ ಆರೋಪಿಯ ಪಕ್ಷದವರು ಮುಂದಿಟ್ಟಾಗ ನ್ಯಾಯಾಧೀಶರು ಅದನ್ನು ಸ್ವೀಕರಿಸಲಿಲ್ಲ. ಅಲ್ಲಿ ನಡೆದುದು ಚಿತ್ರವನ್ನು ಸ್ಪಷ್ಟಗೊಳಿಸುವ ಕೆಲಸವೇ ಹೊರತು ಬೆಳೆಸುವ ಕೆಲಸವಲ್ಲ. ಆದರೂ ಯಂತ್ರವು ತನಗೆ ತೋರಿದುದನ್ನು ಸೇರಿಸುತ್ತದೆ, ಹೇಗೆ ಸೇರಿಸಿತೆಂಬುದನ್ನು ಪರೀಕ್ಷಿಸಲು ಬರುವುದಿಲ್ಲ ಎಂಬ ಅವರ ಆಕ್ಷೇಪ ಎರಡಕ್ಕೂ ಸಮನಾಗಿ ಸಲ್ಲುತ್ತದೆ. ಭಾರತದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು, ವಿದ್ಯುನ್ಮಾನ ದಾಖಲೆಯ ಜೊತೆಗೆ ಒಪ್ಪಿಸುವ ಪ್ರಮಾಣಪತ್ರದಲ್ಲಿ ಅದರ ‘ಹ್ಯಾಷ್’ ಎಂಬ ಗುರುತುಸಂಖ್ಯೆಯನ್ನು ನಮೂದಿಸಬೇಕೆನ್ನುತ್ತದೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಸಾಸಿವೆಯಷ್ಟು ಹೆಚ್ಚಾದರೂ ಏರುಪೇರಾಗುವ ಅಕ್ಕಸಾಲಿಗನ ತಕ್ಕಡಿಯಂತೆ.

ಆದರೆ ಮನೆಯೊಳಗಿನ ಚಿತ್ರಗಳಿಗೆ ಪ್ರಮಾಣಪತ್ರ ಕೇಳುವವರು ಯಾರೂ ಇಲ್ಲ. ಒಂದು ಮನೆಯಲ್ಲಿ ತೀರಿಕೊಂಡ ಅಜ್ಜಿಯ ಚಲಿಸುವ ಚಿತ್ರವೆಂದು ಉಳಿದಿರುವುದು ನಾಲ್ಕು ಸೆಕೆಂಡುಗಳ ತುಣುಕೊಂದೇ ಎಂದಿಟ್ಟುಕೊಳ್ಳೋಣ. ಹಿತ್ತಿಲಲ್ಲಿ ಹೂ ಬಿಡಿಸುತ್ತಿದ್ದ ಆಕೆ ಯಾರೋ ಕರೆದುದಕ್ಕೆ ತಿರುಗಿ ನೋಡುತ್ತಾರೆ. ತುಟಿಯ ಕೊನೆಯಲ್ಲಿ ನಗೆ ಮೂಡಲು ತೊಡಗುತ್ತದೆ. ಅಷ್ಟರಲ್ಲಿ ಚಿತ್ರ ಮುಗಿಯುತ್ತದೆ. ವರ್ಷಾಂತಿಕದ ದಿನ ತೋರಿಸಲೆಂದು ಮೊಮ್ಮಗನು ಅದನ್ನು ಬೆಳೆಸುತ್ತಾನೆ. ನಗೆ ಪೂರ್ಣವಾಗುತ್ತದೆ. ಮನೆಮಂದಿಯ ಕಣ್ಣು ತುಂಬುತ್ತದೆ. ಅವನನ್ನು ತಪ್ಪುಗಾರನೆನ್ನುವುದು ಯಾರಿಗೂ ಸಾಧ್ಯವಾಗದು. ಆದರೆ ಆ ಅಜ್ಜಿ ನಗುವಾಗ ಎಡಗೈಯನ್ನು ಬಾಯಿಗೆ ಅಡ್ಡವಿಟ್ಟುಕೊಳ್ಳುತ್ತಿದ್ದವರಾಗಿರಬಹುದು. ಒಂದು ಹುಬ್ಬನ್ನು ಮಾತ್ರ ಮೇಲೇರಿಸುತ್ತಿದ್ದವರಾಗಿರಬಹುದು. ಯಂತ್ರಕ್ಕೆ ಅದು ತಿಳಿಯದು. ಅದು ಕೊಟ್ಟುದು ಆ ವಯಸ್ಸಿನ ಹೆಂಗಸರು ಸಾಮಾನ್ಯವಾಗಿ ನಗುವ ನಗೆ. ಮಗಳು ಅದನ್ನು ನೋಡಿದ ಕೂಡಲೆ, “ಅಮ್ಮ ಹೀಗೆ ನಗುತ್ತಿರಲಿಲ್ಲ” ಎಂದು ಗುರುತಿಸಿಯಾಳು. ಅಜ್ಜಿ ತೀರಿದ ಮೇಲೆ ಹುಟ್ಟಿದ ಮರಿಮಗಳಿಗೆ ಆ ಮಾತನ್ನು ಹೇಳುವವರು ಬೇಕು.

ಹಾಗೆ ಹೇಳುವವರು ಇಲ್ಲದ ಕಾಲಕ್ಕೆಂದು ಮಾಡಬಹುದಾದ ಕೆಲಸ ಬಹಳ ದೊಡ್ಡದಲ್ಲ. ಬೆಳೆಸಿದ ತುಣುಕಿನ ಜೊತೆಗೆ ಮೂಲದ ನಾಲ್ಕು ಸೆಕೆಂಡುಗಳನ್ನು ಬೇರೆಯಾಗಿ ಉಳಿಸಿ, ಯಾರು, ಎಲ್ಲಿ, ಯಾವ ದಿನ ತೆಗೆದುದೆಂದು ಬರೆದಿಡುವುದು. ಬೆಳೆಸಿದುದರಲ್ಲಿ ಯಂತ್ರದ ಭಾಗ ಆರಂಭವಾಗುವ ಕಡೆ, ಚಿತ್ರದ ಅಂಚಿನಲ್ಲಿಯೇ, ಕಣ್ಣಿಗೆ ಬೀಳುವಂತೆ ಒಂದು ಗೆರೆಯನ್ನೋ ಚುಕ್ಕೆಯನ್ನೋ ಇಡುವುದು. ಸುದ್ದಿ ಸಿದ್ಧಪಡಿಸುವ ಕಚೇರಿಗಳಲ್ಲಿಯೂ ಸಾಕ್ಷ್ಯಚಿತ್ರ ಮಾಡುವವರಲ್ಲಿಯೂ ಇದನ್ನು ಕಡ್ಡಾಯ ಮಾಡುವುದು ಕಷ್ಟವೇನಲ್ಲ. ಸಂದರ್ಶನದ ಮುಖವನ್ನಂತೂ ಬೆಳೆಸಲೇಬಾರದು. ಅಲ್ಲಿ ಕೊರತೆ ಬಿದ್ದರೆ ಗೋಡೆಯ ಗಡಿಯಾರವನ್ನು ತೋರಿಸುವ ಹಳೆಯ ತೇಪೆಯೇ ಸಾಕು. ಮನೆಗಳಲ್ಲಿ ಇದನ್ನು ಯಾರೂ ಕಡ್ಡಾಯ ಮಾಡಲಾರರು. ಅಲ್ಲಿ ಆ ಗೆರೆಯನ್ನು ಎಳೆಯಬೇಕಾದವನು ಮೊಮ್ಮಗನೇ. ಅದೂ ಆ ನಗೆ ಅಜ್ಜಿಯದಲ್ಲವೆಂದು ತಿಳಿದವರು ಮನೆಯಲ್ಲಿ ಇನ್ನೂ ಇರುವಾಗಲೇ.